ಕೈ ಹೋದವನಿಗೆ ಭಿಕ್ಷೆ ಬೇಡ, ಬಾಕಿ ಕೊಡಿ

ಬೆಳೆಗೆ ಬೆಲೆ ಕೇಳೋದು ನಮಗೆ ರೂಢಿಯಾಗಿದೆ. ಆಲೂಗೆಡ್ಡೆಗೆ ಕೇಳಿದ್ದೇವೆ, ಕೊಬ್ಬರಿಗೆ ಕೇಳಿದ್ದೇವೆ, ಹೊಗೆಸೊಪ್ಪಿಗೆ ಕೇಳಿದ್ದೇವೆ, ಹಾಲಿಗೆ ಕೇಳಿದ್ದೇವೆ. ಆದರೆ ಇವನ್ನೆಲ್ಲ ಬೆಳೆಯುವ ರೈತನ ಕೈಗೆ ಎಷ್ಟು ಬೆಲೆ ಅಂತ ನಾವು ಗಟ್ಟಿಯಾಗಿ ಕೇಳಿದ್ದು ಕಡಿಮೆ. ಈ ತಿಂಗಳು ಅದನ್ನೇ ಕೇಳಬೇಕಾಗಿದೆ.

ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಅನ್ನೋದು ಓದುವ ಎಲ್ಲರಿಗೂ ಗೊತ್ತಿರುವುದೇ. ಹೇಮಾವತಿ ನಾಲೆಯ ನೀರು ಹತ್ತದ ಕಡೆ ಕೊಳವೆಬಾವಿಯೇ ಗತಿ. ತ್ರೀ ಫೇಸ್ ಕರೆಂಟು ಸರಿರಾತ್ರಿ ಬಂದರೆ ಸರಿರಾತ್ರಿಯೇ ಎದ್ದು ಹೋಗಬೇಕು. ಟಾರ್ಚು ಹಿಡಿದು ಮೋಟ್ರು ಹಾಕೋಕೆ ಹೋದವನು ಬದುವಿನ ಮೇಲೆ ಹರಿದುಬಿದ್ದ ತಂತಿ ತುಳಿಯುತ್ತಾನೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಗರಿ ಬಿದ್ದೂ ಬಿದ್ದೂ ತಂತಿ ಜಗ್ಗಿರುತ್ತದೆ, ಎಳನೀರು ಕೀಳುವ ಕಬ್ಬಿಣದ ದೋಟಿ ಅದಕ್ಕೆ ತಾಗುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೇರಿಕೊಂಡ ಟ್ರಾಕ್ಟರು ತಗ್ಗಿದ ಲೈನಿನ ಅಡಿಗೆ ನುಗ್ಗುತ್ತದೆ. ಹೊಳೆನರಸೀಪುರದ ಬಯಲಿನಲ್ಲಿ ಹುಲ್ಲಿನ ಗಾಡಿಯ ಮೇಲೆ ನಿಂತವನ ತಲೆಗೆ ತಂತಿ ಸಿಗುತ್ತದೆ. ಹಾಸನದ ಹೊಸ ಬಡಾವಣೆಯಲ್ಲಿ ಗಾರೆ ಕೆಲಸದ ಹುಡುಗ ಸರಳು ಎತ್ತಿ ನಿಲ್ಲಿಸುವಾಗ ಅದು ತಂತಿಗೆ ಬಡಿಯುತ್ತದೆ.

ಸತ್ತರೆ ಒಂದು ದಿನ ರಸ್ತೆ ತಡೆ ಆಗುತ್ತದೆ. ಶಾಸಕರು ಬರುತ್ತಾರೆ, ಚೆಕ್ಕು ಬರುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಆದರೆ ಕೈಯೋ ಕಾಲೋ ಕಳಕೊಂಡು ಬದುಕಿ ಉಳಿದವನ ಮನೆಗೆ ಬರುವವರು ಸಾಲ ಕೊಟ್ಟವರು ಮಾತ್ರ. ಊರಿನವರು ‘ಹಣೆಬರ ಕಣಪ್ಪ, ಜೀವ ಉಳೀತಲ್ಲ ಬುಡು’ ಅಂತ ಸಮಾಧಾನ ಹೇಳಿ ಎದ್ದು ಹೋಗುತ್ತಾರೆ. ಹಣೆಬರ ಅನ್ನುವ ಈ ಮಾತೇ ನಮಗೆ ಶತ್ರು. ಕಂಬ ನೆಟ್ಟವನು, ತಂತಿ ಎಳೆದವನು, ಅದರಲ್ಲಿ ಕರೆಂಟು ಹರಿಸಿ ವ್ಯಾಪಾರ ಮಾಡುವವನು ಒಬ್ಬ ಇರುವಾಗ ಹಣೆಬರಕ್ಕೆ ಇಲ್ಲಿ ಏನು ಕೆಲಸ?

ಕರೆಂಟಿನ ಗಾಯ ಒಲೆಯ ಬೆಂಕಿ ತಗುಲಿದ ಹಾಗಲ್ಲ ಅನ್ನೋದನ್ನು ಮೊದಲು ತಿಳಿಯಬೇಕು. ಹೊರಗೆ ನೋಡಿದರೆ ಅಂಗೈಯಲ್ಲಿ ಕಾಸಿನಗಲ ಕಪ್ಪು ಗುರುತು, ಪಾದದಲ್ಲಿ ಇನ್ನೊಂದು. ಒಳಗೆ ಸ್ನಾಯು, ನರ, ರಕ್ತನಾಳ ಬೆಂದುಹೋಗಿರುತ್ತವೆ. ಬೆಂದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೈ ಊದಿ ಒಳಗಿನ ಒತ್ತಡ ಏರಿದರೆ ಗಂಟೆಗಳ ಒಳಗೆ ಕೊಯ್ದು ಒತ್ತಡ ಇಳಿಸಬೇಕು. ತಡವಾದರೆ ಕೈಯನ್ನೇ ತೆಗೆಯಬೇಕಾಗುತ್ತದೆ. ತಿಂಗಳುಗಳು ಕಳೆದ ಮೇಲೆ ಕಣ್ಣಿಗೆ ಪೊರೆ ಬರುವುದೂ ಉಂಟು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ‘ಇಷ್ಟು ತಗೊಂಡು ಮುಗಿಸ್ಕೊಳ್ಳಪ್ಪ’ ಅಂತ ಯಾರಾದರೂ ಹೇಳಿದರೆ, ನಷ್ಟ ಎಷ್ಟು ಅಂತ ತಿಳಿಯುವ ಮೊದಲೇ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ ಅಂತಲೇ ಅರ್ಥ.

ನಷ್ಟ ಎಷ್ಟು? ಹಾಸನದ ದೊಡ್ಡಾಸ್ಪತ್ರೆಯಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಇಲ್ಲವೆ ಬೆಂಗಳೂರಿನ ವಿಕ್ಟೋರಿಯಾಕ್ಕೆ ಕಳಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ ಅಂತಲೇ ಇಟ್ಟುಕೊಳ್ಳೋಣ. ಜೊತೆಗಿರುವ ಹೆಂಡತಿಯ ಕೂಲಿ ಹೋಯಿತು. ಓಡಾಟ, ಊಟ, ಹೊರಗಿನ ಔಷಧಿ. ಮನೆಯಲ್ಲಿ ಹಾಲು ಕರೆಯುವವರಿಲ್ಲದೆ ಹಸು ಸಂತೆಗೆ ಹೋಯಿತು. ಒಡವೆ ಅಡ ಬಿತ್ತು. ಮುಂಗಾರಿನ ಬಿತ್ತನೆ ತಪ್ಪಿತು, ಸೊಸೈಟಿ ಸಾಲ ಸುಸ್ತಿಯಾಯಿತು, ಸುಸ್ತಿಯಾದವನಿಗೆ ಹೊಸ ಸಾಲ ಇಲ್ಲ, ಕೈಸಾಲಕ್ಕೆ ಬಡ್ಡಿ. ಬೆಳೆ ವಿಮೆ ಬೆಳೆಯನ್ನು ನೋಡುತ್ತದೆಯೇ ಹೊರತು ಬೆಳೆದವನ ಮೈಯನ್ನು ನೋಡುವುದಿಲ್ಲ. ಸಾಲ ನಮ್ಮದಲ್ಲ, ಬಾಕಿ ಸರ್ಕಾರದ್ದು ಅಂತ 1980ರ ದಶಕದಿಂದ ಈ ನಾಡಿನ ರೈತ ಚಳವಳಿ ಹೇಳುತ್ತಾ ಬಂದಿದೆ. ಆ ಮಾತು ಎಲ್ಲಕ್ಕಿಂತ ನೇರವಾಗಿ ಒಪ್ಪುವುದು ಇಲ್ಲಿ. ತಂತಿಯಿಂದ ಹುಟ್ಟಿದ ಸಾಲ ತಂತಿಯ ಯಜಮಾನನ ಬಾಕಿ.

ಇದು ಬರೀ ನಮ್ಮ ಘೋಷಣೆ ಅಲ್ಲ, ದೇಶದ ಅತಿ ದೊಡ್ಡ ಕೋರ್ಟು ಹೇಳಿದ ಮಾತು. 1997ರ ಆಗಸ್ಟಿನಲ್ಲಿ ಮಧ್ಯಪ್ರದೇಶದಲ್ಲಿ ಒಬ್ಬ ಕಾರ್ಮಿಕ ಕಾರ್ಖಾನೆಯಿಂದ ರಾತ್ರಿ ಸೈಕಲ್ ಮೇಲೆ ಮನೆಗೆ ಬರುತ್ತಿದ್ದ. ಮಳೆ ಬಂದು ರಸ್ತೆಯಲ್ಲಿ ನೀರು ನಿಂತಿತ್ತು. ಬಿದ್ದಿದ್ದ ತಂತಿ ಕಾಣದೆ ಅದರ ಮೇಲೆ ಸೈಕಲ್ ಹೋಯಿತು, ಅಲ್ಲೇ ಸತ್ತ. ವಿದ್ಯುತ್ ಮಂಡಳಿ ಏನು ಹೇಳಿತು? ‘ಯಾರೋ ಒಬ್ಬ ಕಳ್ಳತನದಿಂದ ಕರೆಂಟು ಎಳೆದುಕೊಂಡಿದ್ದ, ಆ ತಂತಿ ಬಿತ್ತು, ನಮ್ಮ ತಪ್ಪಿಲ್ಲ’ ಅಂದಿತು. 2002ರ ಜನವರಿ 11ರಂದು ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಇಂಥ ಅಪಾಯದ ವಸ್ತುವನ್ನು ಜನರ ನಡುವೆ ಹರಿಸುವವನು, ತಾನು ಎಚ್ಚರ ತಪ್ಪಿದ್ದೇನೋ ಇಲ್ಲವೋ ಅನ್ನುವ ತರ್ಕಕ್ಕೆ ಹೋಗದೆ, ಆದ ಹಾನಿಗೆ ಹೊಣೆ ಹೊರಬೇಕು ಅಂತ ತೀರ್ಪಾಯಿತು. ಇದನ್ನು ಕಾನೂನಿನಲ್ಲಿ ಕಟ್ಟುನಿಟ್ಟಿನ ಹೊಣೆ ಅನ್ನುತ್ತಾರೆ. 1868ರ ಇಂಗ್ಲೆಂಡಿನ ತೀರ್ಪಿನಿಂದ ಬಂದ ತತ್ವ ಇದು. ಹೈಕೋರ್ಟು ಕೊಟ್ಟಿದ್ದ 4 ಲಕ್ಷ 34 ಸಾವಿರ ರೂಪಾಯಿ ಪರಿಹಾರ ಉಳಿಯಿತು.

ಗಾಯಾಳುವಿನ ವಿಷಯಕ್ಕೂ ತೀರ್ಪಿದೆ. 2011ರ ನವೆಂಬರಿನಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಮನೆಯ ತಾರಸಿಯ ಹತ್ತಿರ ಹಾದುಹೋಗಿದ್ದ ತಂತಿ ತಗುಲಿ ಒಂದು ಚಿಕ್ಕ ಮಗು ಎರಡೂ ಕೈ, ಒಂದು ಕಾಲು ಕಳೆದುಕೊಂಡಿತು. ಹೈಕೋರ್ಟಿನ ಏಕಸದಸ್ಯ ಪೀಠ 60 ಲಕ್ಷ ರೂಪಾಯಿ ಕೊಡಿ ಅಂದಿತು. ಅಲ್ಲಿನ ಮೇಲಿನ ಪೀಠ ಅದನ್ನು ಕಡಿಮೆ ಮಾಡಿದಾಗ ಸುಪ್ರೀಂ ಕೋರ್ಟು 2014ರ ಡಿಸೆಂಬರ್ 17ರಂದು ಮತ್ತೆ 60 ಲಕ್ಷವನ್ನೇ ಎತ್ತಿಹಿಡಿಯಿತು. ಪರಿಹಾರ ಅಂದರೆ ಕನಿಕರದ ಕಾಸಲ್ಲ, ಹೋದ ಬದುಕಿನ ಲೆಕ್ಕ ಅಂತ ಇದರಿಂದ ತಿಳಿಯಬೇಕು. ಇಲಾಖೆಯ ಭಾಷೆಯಲ್ಲಿ ಇವರು ಕೊಡುವ ಚೆಕ್ಕಿಗೆ ‘ಅನುಗ್ರಹಪೂರ್ವಕ’ ಅಂತ ಹೆಸರು. ಅನುಗ್ರಹ ಮಾಡೋಕೆ ಇವರೇನು ದೇವರೇ? ಆ ಚೆಕ್ಕು ಬಂದರೆ ತಗೊಳ್ಳಿ. ಆದರೆ ‘ಇನ್ನು ಯಾವ ತಕರಾರೂ ಇಲ್ಲ’ ಅಂತ ಬರೆದ ಕಾಗದಕ್ಕೆ ವಕೀಲರಿಗೆ ತೋರಿಸದೆ ಹೆಬ್ಬೆಟ್ಟು ಒತ್ತಬೇಡಿ.

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಕೂಲಿಗೆ ಹೋದವರಿಗೆ, ಗುತ್ತಿಗೆದಾರನ ಕೈಕೆಳಗೆ ಕಂಬ ಹತ್ತುವವರಿಗೆ 1923ರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಲೆಕ್ಕದ ರೀತಿ ಅದೇ ಉಳಿದಿದೆ. 35 ವರ್ಷದ ಒಬ್ಬ ಆಳು, ತಿಂಗಳಿಗೆ 12,000 ರೂಪಾಯಿ ದುಡಿಯುತ್ತಾನೆ ಅಂತ ಇಟ್ಟುಕೊಳ್ಳಿ. ಸಂಬಳದ ಶೇಕಡಾ 60 ಅಂದರೆ 7,200. ಅವನ ವಯಸ್ಸಿಗೆ ಕೋಷ್ಟಕದಲ್ಲಿರುವ ಅಂಕಿ 197.06. ಗುಣಿಸಿದರೆ 14,18,832 ರೂಪಾಯಿ. ಇದು ದುಡಿಮೆ ಪೂರ್ತಿ ಹೋದವನಿಗೆ. ಮೊಣಕೈಯ ತುಸು ಮೇಲೆ ಕೈ ಕತ್ತರಿಸಿದರೆ ಪಟ್ಟಿಯಲ್ಲಿ ಶೇಕಡಾ 70 ನಷ್ಟ ಅಂತಿದೆ, ಹಾಗಾದರೆ 9,93,182 ರೂಪಾಯಿ. ನಡುವಿನ ನಾಲ್ಕೂಕಾಲು ಲಕ್ಷ ಎಲ್ಲಿ ಹೋಯಿತು? ಒಂದೇ ಕೈಯಲ್ಲಿ ಗುದ್ದಲಿ ಹಿಡಿಯೋಕೆ ಆಗುತ್ತದೆಯೇ, ಒಂದೇ ಕೈಯಲ್ಲಿ ಹೊರೆ ಕಟ್ಟೋಕೆ ಆಗುತ್ತದೆಯೇ ಅಂತ ನಾವು ಕೇಳಬೇಕು. ಒರಿಸ್ಸಾದ ಒಬ್ಬ ಬಡಗಿ ಹೀಗೇ ಕೇಳಿದ. ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಅವನ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಿದ್ದರು. ಒಂದು ಕೈಯಲ್ಲಿ ಬಡಗಿ ಕೆಲಸ ಆಗೋದಿಲ್ಲ, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಅಂತ ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿದೆ. ಡಾಕ್ಟರು ಬರೆಯುವುದು ಅಂಗದ ನಷ್ಟ, ಕೋರ್ಟು ನೋಡಬೇಕಾದ್ದು ದುಡಿಮೆಯ ನಷ್ಟ. ಎರಡೂ ಬೇರೆ ಬೇರೆ.

ತನ್ನ ಜಮೀನನ್ನೇ ಉಳುವ ರೈತನಿಗೆ ಈ ಸಂಹಿತೆ ಇಲ್ಲ, ಅವನು ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ರಸ್ತೆ ಅಪಘಾತಕ್ಕೆ 2009ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಕೋಷ್ಟಕವನ್ನು ಮಾದರಿಯಾಗಿ ಹಿಡಿಯುವುದುಂಟು. 31ರಿಂದ 35 ವಯಸ್ಸಿಗೆ ವರ್ಷದ ಆದಾಯದ 16 ಪಟ್ಟು. ತಿಂಗಳಿಗೆ 12,000 ಆದಾಯ ಅಂತ ಒಪ್ಪಿದರೆ ದುಡಿಮೆ ಪೂರ್ತಿ ಹೋದವನಿಗೆ 23,04,000 ರೂಪಾಯಿ. ಇದಕ್ಕೆ ಆಸ್ಪತ್ರೆ ಖರ್ಚು, ನೋವು, ಮುಂದೆ ನೋಡಿಕೊಳ್ಳುವವರ ಖರ್ಚು, ಕೃತಕ ಕೈಯ ಖರ್ಚು ಬೇರೆ. ಆದರೆ ‘ಇವನಿಗೇನು ಆದಾಯದ ದಾಖಲೆ ಇದೆ, ತಿಂಗಳಿಗೆ 6,000 ಇರಬಹುದು’ ಅಂತ ಅಂದಾಜು ಮಾಡಿದರೆ ಅದು 11,52,000ಕ್ಕೆ ಇಳಿಯುತ್ತದೆ. ಅದೇ ಕೈ, ಅದೇ ವಯಸ್ಸು, ಬೆಲೆ ಮಾತ್ರ ಅರ್ಧ.

ಈ ಪತ್ರಿಕೆಯ ಓದುಗರು ಗಮನಿಸಬೇಕಾದ ವಿಷಯ ಇಲ್ಲಿದೆ. ಬೆಳೆಗೆ ಬೆಲೆ ಕೊಡದೆ ರೈತನ ಆದಾಯ ತಗ್ಗಿಸಿದವರು ಯಾರೋ, ಅವರೇ ಆಮೇಲೆ ಆದಾಯ ಕಡಿಮೆ ಅಂತ ಅವನ ಕೈಗೂ ಕಡಿಮೆ ಬೆಲೆ ಕಟ್ಟುತ್ತಾರೆ. ಒಂದು ಸಲ ಮಂಡಿಯಲ್ಲಿ ಸುಲಿಗೆ, ಇನ್ನೊಂದು ಸಲ ಕೋರ್ಟಿನಲ್ಲಿ. ಇನ್ನೊಂದು ವಾದವೂ ಇದೆ. 2003ರಲ್ಲಿ ಹರಿಯಾಣದ ರೈತನೊಬ್ಬನ ಸಾವಿನ ಪ್ರಕರಣದಲ್ಲಿ, ಜಮೀನು ವಾರಸುದಾರರ ಹತ್ತಿರವೇ ಉಳಿದಿದೆಯಲ್ಲ, ಹೋಗಿದ್ದು ಅವನ ಮೇಲ್ವಿಚಾರಣೆ ಅನ್ನುವ ತರ್ಕದ ಮೇಲೆ ಸುಪ್ರೀಂ ಕೋರ್ಟೇ ಪರಿಹಾರ ತಗ್ಗಿಸಿತು. ಕೋರ್ಟಿಗೆ ಗೌರವ ಕೊಟ್ಟೇ ಹೇಳುತ್ತೇವೆ: ಎರಡು ಎಕರೆಯವನು ಬದುವಿನ ಮೇಲೆ ಕೊಡೆ ಹಿಡಿದು ನಿಂತು ಮೇಲ್ವಿಚಾರಣೆ ಮಾಡೋದಿಲ್ಲ. ಅವನೇ ಆಳು, ಅವನೇ ಎತ್ತು. ಕೈ ಹೋದರೆ ಭೂಮಿ ಬೀಳು.

ಆದ್ದರಿಂದ ಚೀಟಿ ಕಾಪಾಡಿ. ಎಪಿಎಂಸಿಯ ಲೆಕ್ಕದ ಚೀಟಿ, ರಾಮನಾಥಪುರದ ಹೊಗೆಸೊಪ್ಪು ಹರಾಜಿನ ಬಿಲ್ಲು, ಡೈರಿಯ ಹಾಲಿನ ಪುಸ್ತಕ, ಕಬ್ಬಿನ ಕಾರ್ಖಾನೆಯ ರಸೀದಿ, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕ. ಸಾಲ ತೀರಿಸಿದ ರಸೀದಿ ಕೂಡ ಆದಾಯದ ಸಾಕ್ಷಿ. ಒಲೆ ಹೊತ್ತಿಸೋಕೆ ಹಾಕುವ ಈ ಕಾಗದಗಳೇ ನಾಳೆ ನಿಮ್ಮ ಕೈಯ ಬೆಲೆ ಹೇಳುವ ಕಾಗದಗಳು.

ಅಪಘಾತ ಆದಾಗ ಮಾಡಬೇಕಾದ್ದನ್ನು ಪ್ರತಿ ಊರಿನ ಸಂಘದವರು ಬಾಯಿಪಾಠ ಮಾಡಿಕೊಳ್ಳಬೇಕು. ಮೊದಲು ಜೀವ: ಕರೆಂಟು ನಿಲ್ಲಿಸದೆ ಯಾರೂ ಮುಟ್ಟಬಾರದು, 1912ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಕರೆಂಟ್ ಶಾಕ್’ ಅಂತಲೇ ಬರೆಸಿ, ಪೊಲೀಸ್ ಕೇಸಿನ ಪುಸ್ತಕದಲ್ಲಿ ದಾಖಲು ಮಾಡಿಸಿ. ‘ಬಿದ್ದ’ ಅಂತ ಬರೆದರೆ ಮುಂದೆ ಕಷ್ಟ. ತಂತಿ, ಕಂಬ, ನೆಲ ಎಲ್ಲದರ ಫೋಟೋ ಅದೇ ದಿನ ತೆಗೆಯಿರಿ, ಯಾಕೆಂದರೆ ಮರುದಿನ ಬೆಳಗ್ಗೆ ಹೊಸ ತಂತಿ ಎಳೆದಿರುತ್ತಾರೆ. ನೆಲದಿಂದ ತಂತಿಗೆ ಎತ್ತರ ಅಳೆಯಿರಿ, ಆದರೆ ಕೋಲು ಹಾಕಿ ಅಲ್ಲ, ಮಹಜರಿನಲ್ಲಿ ಸಿಬ್ಬಂದಿಯ ಕೈಯಿಂದ. ರಸ್ತೆಗೆ ಅಡ್ಡ ಹಾಯುವ ಮನೆ ಕರೆಂಟಿನ ಲೈನು 5.8 ಮೀಟರ್, 11 ಕೆ.ವಿ. ಲೈನು 6.1 ಮೀಟರ್ ಎತ್ತರ ಇರಬೇಕು. ಹೊಲದಂಥ ಕಡೆ ಬರಿ ತಂತಿ 4.6 ಮೀಟರಿಗಿಂತ ಕೆಳಗೆ ಬರಕೂಡದು ಅಂತ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ನಿಯಮ ಇದೆ. ಪೊಲೀಸರಿಗೆ ಬರೆದು ದೂರು ಕೊಡಿ, ಎಫ್‌ಐಆರ್ ಪ್ರತಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯ, ವಿದ್ಯುತ್ ಪರಿವೀಕ್ಷಕರ ವರದಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಂ ಪ್ರಕಾರ ಮನುಷ್ಯ ಇರಲಿ ದನ ಇರಲಿ, ಸತ್ತರೂ ಗಾಯವಾದರೂ ಪರಿವೀಕ್ಷಕರಿಗೆ ಸುದ್ದಿ ಕೊಡಬೇಕಾದ್ದು ಕಂಪೆನಿಯ ಕರ್ತವ್ಯ. ಸಾವಾದರೆ 24 ಗಂಟೆಯೊಳಗೆ ಕೊಡಬೇಕು ಅಂತ ನಿಯಮ. ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಆದರೆ ಪರಿವೀಕ್ಷಣಾಲಯ ನಿಗಮದ ಅಂಗವಲ್ಲ, ಸರ್ಕಾರದ ಬೇರೆ ಇಲಾಖೆ. ಅಲ್ಲಿಗೆ ನೀವೂ ಒಂದು ಅರ್ಜಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ವರದಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ತಂತಿ ಯಾಕೆ ಬಿತ್ತು ಅಂತ ಸರ್ಕಾರದವರೇ ಬರೆದ ಕಾಗದಕ್ಕಿಂತ ದೊಡ್ಡ ಸಾಕ್ಷಿ ಬೇರಿಲ್ಲ.

ಆಮೇಲೆ ಕೋರ್ಟು. ನೇರ ಹೈಕೋರ್ಟಿಗೆ ರಿಟ್ ಹಾಕಿದರೆ ಬೇಗ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಘಟನೆಯ ಬಗ್ಗೆ ಜಗಳವೇ ಇಲ್ಲದಿದ್ದರೆ ಆಗಬಹುದು. ಜಗಳ ಇದ್ದರೆ ಸಿವಿಲ್ ಕೋರ್ಟಿಗೇ ಹೋಗಿ ಅಂತ 1999ರಲ್ಲಿ ಒರಿಸ್ಸಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಾವಿನ ಪರಿಹಾರದ ದಾವೆಗೆ ಎರಡು ವರ್ಷದ ಗಡುವು. ಗಾಯದ ದಾವೆಗೆ ಯಾವ ಗಡುವು ಅನ್ನೋದರಲ್ಲಿ ವಕೀಲರ ವಾದಕ್ಕೆ ಜಾಗ ಇದೆ, ಆದ್ದರಿಂದ ಒಂದು ವರ್ಷದೊಳಗೇ ಹಾಕಿಬಿಡುವುದು ಕ್ಷೇಮ. ದುಡ್ಡಿಲ್ಲ ಅಂತ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಂಗವಿಕಲರಾದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಕೋರ್ಟ್ ಶುಲ್ಕವನ್ನೂ ನೋಡಿಕೊಳ್ಳುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಸಮಿತಿ ಇರುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕತ್ತರಿಸುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದ್ದರೆ ಒಂದು ಕೈ ಹೋದವರಿಗೆ 1 ಲಕ್ಷ, ಎರಡೂ ಹೋದವರಿಗೆ 2 ಲಕ್ಷ ಬರಬೇಕು. ಪಾಸ್‌ಪುಸ್ತಕ ತೆಗೆದು ನೋಡಿ.

ನಮ್ಮ ತಪ್ಪನ್ನೂ ನಾವು ಮುಚ್ಚಬಾರದು. ಲೈನ್‌ಮನ್ ಬರಲಿಲ್ಲ ಅಂತ ಟಿ.ಸಿ. ಹತ್ತಿ ಫ್ಯೂಸ್ ಹಾಕೋಕೆ ಹೋದವನ ಕೇಸು ಕೋರ್ಟಿನಲ್ಲಿ ಸೊರಗುತ್ತದೆ, ಪರಿಹಾರ ಕಡಿತವಾಗುತ್ತದೆ, ಕೆಲವು ಸಲ ಸಿಗುವುದೇ ಇಲ್ಲ. ಹಂದಿ ಬರುತ್ತದೆ ಅಂತ ಬೇಲಿಗೆ ಲೈನಿನಿಂದ ನೇರ ಕರೆಂಟು ಕೊಡುವುದು ಅಪರಾಧ. ಅದಕ್ಕೆ ಸಿಕ್ಕಿ ಸಾಯುವವನು ಪಕ್ಕದ ಹೊಲದ ಅಣ್ಣನೋ ತಮ್ಮನೋ ಆಗಿರುತ್ತಾನೆ. ಆಗ ಆರೋಪಿ ಕಂಪೆನಿಯಲ್ಲ, ನಾವೇ. ಹಾಗೆಯೇ ಮೋಟ್ರು, ಯಂತ್ರದ ಕೆಲಸಕ್ಕೆ ಆಳು ಕರೆದ ರೈತ ಕಾನೂನಿನ ಕಣ್ಣಿಗೆ ಮಾಲೀಕ. ಕೂಲಿಯವನ ಕೈಗೂ ನಮ್ಮ ಕೈಗಿರುವಷ್ಟೇ ಬೆಲೆ ಅಂತ ಒಪ್ಪದ ರೈತ ಚಳವಳಿಗೆ ಬಾಯಿ ತೆರೆಯುವ ಹಕ್ಕಿಲ್ಲ.

ಕೊನೆಗೆ ಒಂದು ಪ್ರಶ್ನೆ. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿಯಲ್ಲಿ ಕಾಲುದಾರಿಯ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಎಳೆ ಮಗು ಸತ್ತಾಗ ಇಡೀ ರಾಜ್ಯ ಮರುಗಿತು, ಅಧಿಕಾರಿಗಳು ಅಮಾನತಾದರು. ಆಗಬೇಕಾದ್ದೇ. ಹಳ್ಳಿಯ ಬದುವಿನ ಮೇಲೆ ಬಿದ್ದ ತಂತಿಗೆ ಈ ಮರುಕ ಯಾಕಿಲ್ಲ? ಬಸ್ಸು ಗುದ್ದಿದರೆ ಮೋಟಾರು ಅಪಘಾತದ ನ್ಯಾಯಮಂಡಳಿ ಇದೆ. ರೈಲಿನ ಅಪಘಾತಕ್ಕೆ ರೈಲ್ವೆ ನ್ಯಾಯಮಂಡಳಿ ಇದೆ. ಮನೆ ಮನೆಗೂ ಹೊಲ ಹೊಲಕ್ಕೂ ಹರಿಯುವ ಕರೆಂಟಿಗೆ ಅಂಥದ್ದೊಂದು ಇಲ್ಲ. ಕೈ ಇಲ್ಲದವನು ಸಿವಿಲ್ ಕೋರ್ಟಿನ ಮೆಟ್ಟಿಲು ವರ್ಷಗಟ್ಟಲೆ ಹತ್ತಬೇಕು.

ಅದಕ್ಕೇ ನಮ್ಮ ಬೇಡಿಕೆ. ವಿದ್ಯುತ್ ಅಪಘಾತಕ್ಕೆ ಜಿಲ್ಲೆಗೊಂದು ನ್ಯಾಯಮಂಡಳಿ ಬೇಕು. ಪರಿವೀಕ್ಷಕರ ವರದಿಯನ್ನು ಕೇಳದೆಯೇ ಗಾಯಾಳುವಿನ ಮನೆಗೆ ತಲುಪಿಸಬೇಕು. ದಾವೆ ಮುಗಿಯುವ ತನಕ ಚಿಕಿತ್ಸೆಗೂ ಸಂಸಾರಕ್ಕೂ ಮಧ್ಯಂತರ ಪರಿಹಾರ ಕೊಡಬೇಕು. ಆ ಮನೆಯ ಬೆಳೆಸಾಲದ ವಸೂಲಿ ಅಲ್ಲಿಯ ತನಕ ನಿಲ್ಲಬೇಕು, ಬಡ್ಡಿಯನ್ನು ಕಂಪೆನಿ ತುಂಬಬೇಕು. ರೈತನ ಆದಾಯವನ್ನು ಅಂದಾಜಿನಿಂದಲ್ಲ, ಅವನ ಕೆಲಸವನ್ನು ಕೂಲಿ ಕೊಟ್ಟು ಮಾಡಿಸಿದರೆ ಎಷ್ಟಾಗುತ್ತದೋ ಅದರಿಂದ ಲೆಕ್ಕ ಹಾಕಬೇಕು. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡಬೇಕು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸಂಘದ ಗೆಳೆಯರು ಈ ತಿಂಗಳು ಒಂದು ಕೆಲಸ ಮಾಡಲಿ. ಊರೂರಿನಲ್ಲಿ ತಗ್ಗಿದ ತಂತಿ, ವಾಲಿದ ಕಂಬ, ಬಾಯಿ ತೆರೆದ ಟಿ.ಸಿ. ಪೆಟ್ಟಿಗೆಗಳ ಪಟ್ಟಿ ಬರೆದು, ಸೆಕ್ಷನ್ ಆಫೀಸಿಗೆ ಕೊಟ್ಟು, ಮೊಹರು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಲಿ. ಕೆಲಸ ಆದರೆ ಒಂದು ಕೈ ಉಳಿಯಿತು. ಆಗದಿದ್ದರೆ, ‘ನಮಗೆ ಗೊತ್ತೇ ಇರಲಿಲ್ಲ’ ಅಂತ ನಾಳೆ ಕೋರ್ಟಿನಲ್ಲಿ ಹೇಳುವ ಬಾಯಿಗೆ ಆ ಮೊಹರೇ ಉತ್ತರ.